ಕೆ.ಜಿ.ಎಫ್.ನವರು ಆರಿಸಿ ಕಳಿಸಿದ ಜನ

ಕೆ.ಜಿ.ಎಫ್. ಅಂದ ಕೂಡಲೇ ಈಗಿನ ಹುಡುಗರಿಗೆ 2018ರ ಸಿನಿಮಾ ನೆನಪಾಗುತ್ತದೆ. ಹಳಬರಿಗೆ ಚಿನ್ನ ನೆನಪಾಗುತ್ತದೆ. ನಮಗೆ ನೆನಪಾಗುವುದು ಒಂದು ವಿಧಾನಸಭಾ ಕ್ಷೇತ್ರ. ಗೆಳೆಯರು ನಗಬಾರದು. ರಾಜರ ಚರಿತ್ರೆ ಕಲ್ಲಿನ ಶಾಸನಗಳಲ್ಲಿ ಸಿಗುತ್ತದೆ. ಕೂಲಿಕಾರರ ಚರಿತ್ರೆಯನ್ನು ಗೆದ್ದ ಶಾಸಕರ ಪಟ್ಟಿಯಂಥ ಒಣ ಕಾಗದದಲ್ಲೇ ಅಗೆದು ತೆಗೀಬೇಕು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಕಂಪನಿ ಕೋಲಾರ ಸೀಮೆಯ ಈ ನೆಲದಲ್ಲಿ ಗಣಿ ಕೆಲಸಕ್ಕೆ ಕೈಹಾಕಿತು. ಭೂಮಿಯ ಹೊಟ್ಟೆಗೆ ಇಳಿಯಲು ಜನ ಬೇಕಿತ್ತು. ಉತ್ತರ ಆರ್ಕಾಟ್, ಚಿತ್ತೂರು ಕಡೆಯ ಕೇರಿಗಳಿಂದ ಗಂಟುಮೂಟೆ ಕಟ್ಟಿಕೊಂಡು ಜನ ಬಂದರು. ಅವರಲ್ಲಿ ಬಹುಪಾಲು ತಮಿಳು ಮಾತಾಡುವ ಆದಿದ್ರಾವಿಡರು. ಬಿದಿರು ತಟ್ಟಿಯ ಗುಡಿಸಲುಗಳ ಸಾಲಿಗೆ ‘ಲೈನು’ ಅಂತ ಹೆಸರು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಬೆಂಗಳೂರಿಗಿಂತ ಮೊದಲೇ ಬಂತು. ಆದರೆ ಅದು ಬಂದದ್ದು ಯಂತ್ರಗಳಿಗಾಗಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಇಳಿದವರ ಎದೆಗೂಡಿನಲ್ಲಿ ಕಲ್ಲಿನ ಧೂಳು ಕೂತಿತು. ಸಿಲಿಕೋಸಿಸ್ ಅನ್ನುವ ಇಂಗ್ಲಿಷ್ ಶಬ್ದ ಅಲ್ಲಿನ ಅಕ್ಷರ ಬಾರದ ಮನೆಗಳಿಗೂ ಗೊತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಬರೀ ಗೋಳಿನ ಕಥೆಯಾಗುತ್ತದೆ. ಇನ್ನೊಂದು ಮಾತಿದೆ. ಹಳ್ಳಿಯಲ್ಲಿ ನಮ್ಮ ಅಪ್ಪಂದಿರ ಅನ್ನ ಗೌಡರ ಹಗೇವಿನಲ್ಲಿತ್ತು. ಹಾಗಾಗಿ ಬಾಯಿಯೂ ಅವರ ಹಿಡಿತದಲ್ಲಿತ್ತು. ಗಣಿಯಲ್ಲಿ ಕೂಲಿ ದುಡ್ಡಾಗಿ ಸಿಗುತ್ತಿತ್ತು. ಕಂಪನಿ ರಕ್ತ ಹೀರಿತು, ಸುಳ್ಳಲ್ಲ. ಆದರೆ ಬೆಳಗಾಗೆದ್ದು ಗೌಡನ ಹಟ್ಟಿಯ ಮುಂದೆ ಕೈಕಟ್ಟಿ ನಿಲ್ಲುವ ಕರ್ಮ ಅಲ್ಲಿರಲಿಲ್ಲ. ಸಾವಿರಾರು ದಲಿತರು ಒಂದೇ ಪಾಳಿಯಲ್ಲಿ ಇಳಿದು ಒಟ್ಟಿಗೇ ಮೇಲೆ ಬರುತ್ತಿದ್ದರು. ಒಬ್ಬನ ಕಷ್ಟ ಇಡೀ ಲೈನಿಗೆ ಗೊತ್ತಾಗುತ್ತಿತ್ತು. ಅಲ್ಲಿಂದಲೇ ಸಂಘಟನೆ ಹುಟ್ಟಿತು.

ಅಯೋತಿದಾಸ ಪಂಡಿತರ ಬೌದ್ಧ ಸಂಘ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಇಲ್ಲಿ ಬೇರುಬಿಟ್ಟಿತ್ತು. ಅವರು ನಡೆಸಿದ್ದ ‘ತಮಿಳನ್’ ಪತ್ರಿಕೆ 1926ರಲ್ಲಿ ಅಪ್ಪಾದುರೈ ಅವರ ಕೈಯಲ್ಲಿ ಕೆ.ಜಿ.ಎಫ್.ನಿಂದಲೇ ಮತ್ತೆ ಹೊರಟಿತು. ಅಂದರೆ ಬಾಬಾಸಾಹೇಬರು 1956ರಲ್ಲಿ ದೀಕ್ಷೆ ತಗೊಳ್ಳುವ ಎಷ್ಟೋ ವರ್ಷ ಮೊದಲೇ ಗಣಿ ಕೂಲಿಗಳು ಬುದ್ಧನನ್ನು ಹುಡುಕಿಕೊಂಡಿದ್ದರು. 1930ರಲ್ಲಿ ಕಂಪನಿಯು ಪ್ರತಿಯೊಬ್ಬ ಕೂಲಿಯ ಬೆರಳಚ್ಚು ತಗೊಳ್ಳಲು ಹೊರಟಾಗ, ‘ನಾವೇನು ಕಳ್ಳರಾ?’ ಅಂತ ಕಾರ್ಮಿಕರು ಮುಷ್ಕರ ಹೂಡಿದರು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು.

ಆಗ ಇವರಿಗೆ ವೋಟಿತ್ತೆ? ಇರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು ಅಂತ ನಮಗೆ ಶಾಲೆಯಲ್ಲಿ ಹೆಮ್ಮೆಯಿಂದ ಪಾಠ ಮಾಡಿದರು. ಆ ಪ್ರಜೆ ಯಾರು ಅಂತ ಹೇಳಲಿಲ್ಲ. ಕಂದಾಯ ಕಟ್ಟುವವನು, ಆಸ್ತಿ ಇರುವವನು, ಓದಿದವನು. ಕಂಪನಿಯ ಗುಡಿಸಲಿನಲ್ಲಿ ಮಲಗುವವನು ಯಾವ ಲೆಕ್ಕಕ್ಕೂ ಇರಲಿಲ್ಲ.

ಸಂವಿಧಾನ ಬಂತು. 1952ರಲ್ಲಿ ಮೊದಲ ಚುನಾವಣೆ. ಕೋಲಾರ್ ಗೋಲ್ಡ್ ಫೀಲ್ಡ್ ಆಗ ಇಬ್ಬರನ್ನು ಕಳಿಸುವ ಕ್ಷೇತ್ರ. ಇಡೀ ರಾಜ್ಯ ಕಾಂಗ್ರೆಸ್ಸಿನ ಕಡೆ ವಾಲಿದ್ದಾಗ ಗಣಿಯ ಜನ ಕಳಿಸಿದ್ದು ಕಮ್ಯುನಿಸ್ಟ್ ಪಕ್ಷದ ಕಾರ್ಮಿಕ ನಾಯಕ ಕೆ.ಎಸ್. ವಾಸನ್ ಅವರನ್ನು, ಅಂಬೇಡ್ಕರರ ಪರಿಶಿಷ್ಟ ಜಾತಿ ಒಕ್ಕೂಟದ ಪಿ.ಎಂ. ಸ್ವಾಮಿದೊರೈ ಅವರನ್ನು. ಒಂದು ಕೆಂಪು, ಒಂದು ನೀಲಿ. 1954ರಲ್ಲಿ ಬಾಬಾಸಾಹೇಬರೇ ಇಲ್ಲಿಗೆ ಬಂದುಹೋದರು. 1957ರಲ್ಲಿ ಮತ್ತೆ ಅದೇ ಜೋಡಿ ಬಾವುಟ: ಕಮ್ಯುನಿಸ್ಟ್ ಪಕ್ಷದಿಂದ ಎಂ.ಸಿ. ನರಸಿಂಹನ್, ಒಕ್ಕೂಟದಿಂದ ಸಿ.ಎಂ. ಆರ್ಮುಗಂ. ಕೆಂಪು-ನೀಲಿ ಒಂದಾಗಬೇಕು ಅಂತ ನಾವು ಸಭೆಗಳಲ್ಲಿ ಗಂಟಲು ಹರಿದುಕೊಳ್ಳುತ್ತೇವೆ. ಆ ಜನ ಎರಡನ್ನೂ ಒಂದೇ ದಿನ ಗೆಲ್ಲಿಸಿ ತೋರಿಸಿದ್ದರು.

ಇಬ್ಬರು ಸದಸ್ಯರ ಕ್ಷೇತ್ರಗಳನ್ನು 1961ರ ಕಾಯ್ದೆ ತೆಗೆದುಹಾಕಿತು. ಮುಂದೆ ಕೆ.ಜಿ.ಎಫ್. ಒಬ್ಬರನ್ನೇ ಕಳಿಸುವ ಮೀಸಲು ಕ್ಷೇತ್ರವಾಯಿತು. ಆದರೂ ಅಲ್ಲಿನ ಜನ ಗಾಳಿ ಬಂದ ಕಡೆ ತೂರಿಕೊಳ್ಳಲಿಲ್ಲ. 1978ರಲ್ಲಿ ದೇವರಾಜ ಅರಸರ ಇಂದಿರಾ ಕಾಂಗ್ರೆಸ್ 149 ಸೀಟು ಬಾಚಿತು. ಕೆ.ಜಿ.ಎಫ್. ಕಳಿಸಿದ್ದು ರಿಪಬ್ಲಿಕನ್ ಪಕ್ಷದ ಅದೇ ಆರ್ಮುಗಂ ಅವರನ್ನು. 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಕೆ.ಜಿ.ಎಫ್.ನಲ್ಲಿ ಅಣ್ಣಾ ಡಿ.ಎಂ.ಕೆ.ಯ ಎಂ. ಭಕ್ತವತ್ಸಲಂ ಗೆದ್ದರು. 1985ರಲ್ಲಿ ಹೆಗಡೆಯವರ ಜನತಾ ಪಕ್ಷಕ್ಕೆ 139, ಇಲ್ಲಿ ಮಾರ್ಕ್ಸ್‌ವಾದಿ ಪಕ್ಷದ ಟಿ.ಎಸ್. ಮಣಿ. 1989ರಲ್ಲಿ ಕಾಂಗ್ರೆಸ್ಸಿಗೆ 178, ಇಲ್ಲಿ ಮತ್ತೆ ಭಕ್ತವತ್ಸಲಂ. 1994ರಲ್ಲಿ ಜನತಾದಳದ ಅಲೆ, ಇಲ್ಲಿ ರಿಪಬ್ಲಿಕನ್ ಪಕ್ಷದ ಎಸ್. ರಾಜೇಂದ್ರನ್. 1999ರಲ್ಲಿ ಭಕ್ತವತ್ಸಲಂ, 2004ರಲ್ಲಿ ರಾಜೇಂದ್ರನ್.

‘ಅದು ತಮಿಳರ ಕ್ಷೇತ್ರ ಬಿಡ್ರೀ’ ಅಂತ ಮೂಗು ಮುರಿದವರನ್ನು ನಾವು ಕಂಡಿದ್ದೇವೆ. ಭಾಷೆಯ ಮಾತು ಸುಳ್ಳಲ್ಲ, ಎರಡೆಲೆ ಗುರುತು ಇಲ್ಲಿ ಗೆದ್ದದ್ದರಲ್ಲಿ ಅದರ ಪಾಲಿದೆ. ಆದರೆ ಬರೀ ಭಾಷೆಯೇ ಆಗಿದ್ದರೆ ನೀಲಿ ಬಾವುಟ, ಕೆಂಪು ಬಾವುಟ ಯಾಕೆ ಗೆಲ್ಲುತ್ತಿದ್ದವು?

ನಾವು ಓದಿಕೊಂಡದ್ದು ಹೀಗೆ. 1932ರ ಪೂನಾ ಒಪ್ಪಂದ ನಮಗೆ ಮೀಸಲು ಸೀಟು ಕೊಟ್ಟಿತು, ಪ್ರತ್ಯೇಕ ವೋಟನ್ನು ಕಿತ್ತುಕೊಂಡಿತು. ಅಭ್ಯರ್ಥಿ ನಮ್ಮವನು, ಆರಿಸುವವರು ಎಲ್ಲರೂ. ಹಾಗಾಗಿ ಎಷ್ಟೋ ಮೀಸಲು ಕ್ಷೇತ್ರಗಳಲ್ಲಿ ಗೆಲ್ಲುವ ದಲಿತ ಯಾರಾಗಬೇಕೆಂದು ತೀರ್ಮಾನಿಸುವವರು ಊರಿನ ಉಳ್ಳವರು. ತಲೆ ಎತ್ತುವವನು ಬೇಡ, ತಲೆ ಆಡಿಸುವವನು ಬೇಕು. ಕೆ.ಜಿ.ಎಫ್.ನಲ್ಲಿ ಮಾತ್ರ ಲೈನುಗಳ ವೋಟು ಒಟ್ಟಾಗಿತ್ತು, ಅದರ ಮೇಲೆ ಯಾವ ಗೌಡನ ಕೈಯೂ ಇರಲಿಲ್ಲ. ಮೀಸಲು ಸೀಟಿಗೆ ದಲಿತರೇ ತಮ್ಮ ಬಾವುಟದವನನ್ನು ಆರಿಸಿದರು. ಬಾಬಾಸಾಹೇಬರು ಕೇಳಿ ಕಳಕೊಂಡದ್ದನ್ನು ಗಣಿಯ ಜನ ತಮ್ಮ ಒಗ್ಗಟ್ಟಿನಿಂದ ಗಳಿಸಿಕೊಂಡಿದ್ದರು.

ಆದರೆ ಗಣಿ ಅವರ ಶಾಸಕನ ಕೈಯಲ್ಲಿತ್ತೆ? ಅದೂ ಇಲ್ಲ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ತಗೊಂಡಿತು. 1962ರಲ್ಲಿ ಅವು ಕೇಂದ್ರದ ಪಾಲಾದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಜನ ಶಾಸಕನನ್ನು ಕಳಿಸಿದ್ದು ಬೆಂಗಳೂರಿಗೆ, ಗಣಿಯ ಬೀಗದ ಕೈ ಇದ್ದದ್ದು ದೆಹಲಿಯಲ್ಲಿ. ಎಂಟುನೂರು ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಗಣಿಯನ್ನು ನಷ್ಟದ ಲೆಕ್ಕ ತೋರಿಸಿ 2001ರ ಫೆಬ್ರವರಿ 28ರಂದು ಮುಚ್ಚಿದರು. ನೂರಿಪ್ಪತ್ತು ವರ್ಷ ಎದೆಗೆ ತುಂಬಿಕೊಂಡ ಧೂಳಿನ ನಷ್ಟವನ್ನು ಆ ಲೆಕ್ಕದಲ್ಲಿ ಯಾರು ಬರೆದರು?

ಗಣಿ ಮುಚ್ಚಿದಾಗ ಪಾಳಿ ಹೋಯಿತು. ಪಾಳಿಯ ಜೊತೆ ಯೂನಿಯನ್ನಿನ ಬಲ ಹೋಯಿತು. ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೊರಟರು. ರಾತ್ರಿ ವಾಪಸ್ಸು. ಮನೆ ಎದುರಿಗೆ ಸೈನೈಡ್ ಮಣ್ಣಿನ ದಿಬ್ಬ. ಗಾಳಿ ಬೀಸಿದರೆ ಅನ್ನದ ತಟ್ಟೆಗೂ ಅದೇ ಧೂಳು. 2008ರ ಹೊತ್ತಿಗೆ ಕ್ಷೇತ್ರಗಳ ಗಡಿಯನ್ನೂ ಹೊಸದಾಗಿ ಬರೆದರು. ಬೇತಮಂಗಲ ಕ್ಷೇತ್ರ ಇಲ್ಲವಾಗಿ, ಆ ಕಡೆಯ ಹಳ್ಳಿಗಳು ಕೆ.ಜಿ.ಎಫ್.ಗೆ ಸೇರಿದವು. ಆ ವರ್ಷ ಬಿ.ಜೆ.ಪಿ.ಯ ವೈ. ಸಂಪಂಗಿ ಗೆದ್ದರು. 2013ರಲ್ಲಿ ಅವರ ತಾಯಿ ವೈ. ರಾಮಕ್ಕ. 2018ರಲ್ಲಿ, 2023ರಲ್ಲಿ ಕಾಂಗ್ರೆಸ್ಸಿನ ಎಂ. ರೂಪಕಲಾ. ಅವರ ತಂದೆ ಕೆ.ಎಚ್. ಮುನಿಯಪ್ಪ ಕೋಲಾರದಿಂದ ಏಳು ಸಲ ಲೋಕಸಭೆಗೆ ಹೋದವರು. ಇವರ ಮೇಲೆ ನಮಗೆ ಹಗೆಯಿಲ್ಲ. ಇಬ್ಬರು ಹೆಂಗಸರು ಗೆದ್ದದ್ದು ಸಣ್ಣ ಮಾತೂ ಅಲ್ಲ. ಆದರೆ ಲೈನಿನಿಂದ ಹೊರಟು ಸಭೆಗೆ ಹೋಗುತ್ತಿದ್ದ ದಾರಿ ಈಗ ದೊಡ್ಡ ಪಕ್ಷಗಳ ಕಚೇರಿ ಬಳಸಿಕೊಂಡು, ಮನೆತನಗಳ ಅಂಗಳ ದಾಟಿಕೊಂಡು ಹೋಗುತ್ತಿದೆ.

ಸೀಟು ಇದೆ, ಮೀಸಲಾತಿಯೂ ಇದೆ. ಅದಕ್ಕೆ ಬೆನ್ನೆಲುಬಾಗಿದ್ದ ಕೂಟ ಇಲ್ಲ. ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ನಾವು ಇದನ್ನು ಯಾಕೆ ಬರೆಯುತ್ತಿದ್ದೇವೆ ಅಂದರೆ, ಮೀಸಲು ಕ್ಷೇತ್ರದಲ್ಲಿ ನಮ್ಮವನೊಬ್ಬ ಗೆದ್ದ ಅಂತ ಪಟಾಕಿ ಹೊಡೆಯುವ ಮುಂಚೆ ಒಂದು ಮಾತು ಕೇಳಿಕೊಳ್ಳಬೇಕು: ಅವನನ್ನು ಕಳಿಸಿದವರು ಯಾರು? ನಾಳೆ ಅವನನ್ನು ನಿಲ್ಲಿಸಿ ಲೆಕ್ಕ ಕೇಳುವ ಸಂಘ ನಮ್ಮ ಕೇರಿಯಲ್ಲಿ ಇದೆಯೆ? ಇಲ್ಲದಿದ್ದರೆ ಮೊದಲು ಅದನ್ನು ಕಟ್ಟೋಣ. ಗಣಿಯ ಜನಕ್ಕೆ ವೋಟು ಸಿಗುವ ಮೊದಲೇ ಸಂಘ ಇತ್ತು.