ಬಾಡಿಗೆ ಮನೆಗಳ ಹೂಡಿಕೆ (ಮಂಡ್ಯ, ಮದ್ದೂರು, ಮಳವಳ್ಳಿ)

ಸ್ವಂತ ನಿವೇಶನದಲ್ಲಿ ಎರಡು–ಮೂರು ಅಂತಸ್ತು ಕಟ್ಟಿ, ಮನೆಗಳನ್ನು ಬಾಡಿಗೆಗೆ ಅಥವಾ ಭೋಗ್ಯಕ್ಕೆ ಕೊಡುವ ಹೂಡಿಕೆ. ಮಂಡ್ಯದಲ್ಲಿ ಜಿಲ್ಲಾ ಕಚೇರಿಗಳು, ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು 1962ರಲ್ಲಿ ಆರಂಭವಾದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಬೇಡಿಕೆಯ ಆಧಾರ. ಮದ್ದೂರಿಗೆ ಗೆಜ್ಜಲಗೆರೆ ಕೈಗಾರಿಕಾ ಪ್ರದೇಶ ಹತ್ತಿರ. ರೈಲಿಲ್ಲದ ಮಳವಳ್ಳಿಯಲ್ಲಿ ಬಾಡಿಗೆದಾರರ ವಲಯ ಕಿರಿದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಮಂಡ್ಯ, ಮದ್ದೂರುಗಳನ್ನು ಬೈಪಾಸಿನಲ್ಲಿ ದಾಟುತ್ತದೆ. ಹಳೆ ಹೆದ್ದಾರಿಯ ಅಂಗಡಿ ಮಳಿಗೆಗಳ ಬಾಡಿಗೆಯನ್ನು ಮನೆ ಬಾಡಿಗೆಯಷ್ಟು ನಂಬುವಂತಿಲ್ಲ.

ಲೆಕ್ಕವನ್ನು ಕಟ್ಟುವ ಮೊದಲೇ ಹಾಕಬೇಕು. ಉದಾಹರಣೆಗೆ, ನಿವೇಶನವೂ ಸೇರಿ 60 ಲಕ್ಷ ರೂ. ಹಾಕಿ, 8,000 ರೂ. ಬಾಡಿಗೆಯ ನಾಲ್ಕು ಮನೆ ಮಾಡಿದರೆ ವರ್ಷಕ್ಕೆ 3.84 ಲಕ್ಷ, ಅಂದರೆ ಶೇ 6.4. ಒಂದು ಮನೆ ಎರಡು ತಿಂಗಳು ಖಾಲಿ ಬಿದ್ದು, ಕಂದಾಯ, ಸುಣ್ಣಬಣ್ಣ, ಮೋಟಾರು ರಿಪೇರಿಗೆ 40,000 ಹೋದರೆ ಉಳಿಯುವುದು ಸುಮಾರು ಶೇ 5.5. ಶೇ 9ರ ಬ್ಯಾಂಕ್ ಸಾಲದಲ್ಲಿ ಕಟ್ಟಿದವರಿಗೆ ಬಾಡಿಗೆಯಿಂದ ಬಡ್ಡಿಯೂ ಹುಟ್ಟದು. ಲಾಭವೆಂದರೆ ನಿವೇಶನದ ಬೆಲೆ ಏರಿಕೆ, ತಿಂಗಳ ನಗದು, ಆದಾಯ ತೆರಿಗೆಯಲ್ಲಿ ನಿವ್ವಳ ಬಾಡಿಗೆಯ ಶೇ 30ರ ಕಡಿತ.

ದೊಡ್ಡ ಅಪಾಯ ದಾಖಲೆಗಳದು. ಭೂಪರಿವರ್ತನೆಯಾಗದ ಜಮೀನಿನ ನಿವೇಶನಕ್ಕೆ ಖಾತೆ, ಸಾಲ ಎರಡೂ ಕಷ್ಟ. ಭೋಗ್ಯದ ಹಣವನ್ನು ಖರ್ಚು ಮಾಡಿಕೊಂಡ ಮಾಲೀಕರು ಅವಧಿ ಮುಗಿದಾಗ ಹೊಸ ಭೋಗ್ಯದಾರರಿಗಾಗಿ ಪರದಾಡುತ್ತಾರೆ. 11 ತಿಂಗಳ ಕರಾರು ರೂಢಿಯಲ್ಲಿದೆ. ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ.