ಕಂಪ್ಯೂಟರಿಗೆ ‘ಕ’ ಕಲಿಸಿದ ಕಥೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ, ಈಗ ಓದುತ್ತಿರುವ ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ತಿಳಿಯುವಂತೆ ಏನಾದರೂ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಫೋನ್ ಮಾಡಿ ಹೇಳಿದರು. ಇಡಗುಂದಿಯಲ್ಲಿ ಕಲಿತು, ಮುಂದೆ ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವ ನನಗೆ ಇದು ಸಂತೋಷದ ಕೆಲಸ. ಕಂಪ್ಯೂಟರಿನ ಭಾಗಗಳ ಹೆಸರು ಪಠ್ಯಪುಸ್ತಕದಲ್ಲಿ ಇದ್ದೇ ಇದೆ. ಅದನ್ನೇ ಮತ್ತೆ ಬರೆಯುವ ಬದಲು, ಆ ಯಂತ್ರದೊಳಗೆ ನಮ್ಮ ಕನ್ನಡ ಅಕ್ಷರ ಹೇಗೆ ಬಂದು ಕುಳಿತಿತು ಎಂಬ ಚರಿತ್ರೆಯನ್ನು ಹೇಳುತ್ತೇನೆ. ಅದು ತಿಳಿದರೆ ಕಂಪ್ಯೂಟರ್ ಕೆಲಸ ಮಾಡುವ ಬಗೆಯೂ ತಿಳಿಯುತ್ತದೆ.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಅಕ್ಕನ ಮದುವೆ ಗೊತ್ತಾಯಿತು. ಕರೆಯೋಲೆ ಮಾಡಿಸಲು ಅಪ್ಪಯ್ಯನ ಜೊತೆ ಬಸ್ಸು ಹತ್ತಿ ಯಲ್ಲಾಪುರದ ಒಂದು ಡಿಟಿಪಿ ಅಂಗಡಿಗೆ ಹೋದೆ. ಕಂಪ್ಯೂಟರನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕೀಲಿಮಣೆಯ ಮೇಲೆ ಇದ್ದದ್ದೆಲ್ಲ ಇಂಗ್ಲಿಷ್ ಅಕ್ಷರ, ಪರದೆಯ ಮೇಲೆ ಮೂಡುತ್ತಿದ್ದುದು ಕನ್ನಡ. “ಇದಕ್ಕೆ ಕನ್ನಡ ಬರ್ತದಾ ಅಣ್ಣಾ?” ಎಂದು ಕೇಳಿದೆ. ಆತ ನಕ್ಕು, “ಇದಕ್ಕೆ ಇಂಗ್ಲಿಷೂ ಬರೂದಿಲ್ಲ ತಮಾ, ನಾವು ಕಲಿಸಿದ್ದಷ್ಟೇ” ಎಂದ. ಆ ಮಾತಿನ ಅರ್ಥ ನನಗೆ ಪೂರ್ತಿ ಆದದ್ದು ಇಂಜಿನಿಯರಿಂಗ್ ಸೇರಿದ ಮೇಲೆಯೇ.

ಆತ ಹೇಳಿದ್ದು ನಿಜ. ಕಂಪ್ಯೂಟರಿಗೆ ಯಾವ ಭಾಷೆಯೂ ಬರುವುದಿಲ್ಲ. ಅದರ ಒಳಗಿರುವುದು ಕೋಟ್ಯಂತರ ಸಣ್ಣ ಸ್ವಿಚ್ಚುಗಳು. ಸ್ವಿಚ್ಚು ಹಾಕಿದ್ದರೆ 1, ಆರಿಸಿದ್ದರೆ 0. ಇಂತಹ ಒಂದು ಸ್ಥಾನಕ್ಕೆ ಬಿಟ್ ಎನ್ನುತ್ತಾರೆ, ಎಂಟು ಬಿಟ್ ಸೇರಿದರೆ ಒಂದು ಬೈಟ್. ಒಂದು ಬೈಟಿನಲ್ಲಿ 256 ಬೇರೆ ಬೇರೆ ಸಂಖ್ಯೆಗಳನ್ನು ಬರೆಯಬಹುದು. ಅಕ್ಷರ ಬೇಕೆಂದರೆ, ಯಾವ ಸಂಖ್ಯೆ ಯಾವ ಅಕ್ಷರ ಎಂದು ಮನುಷ್ಯರು ಕುಳಿತು ಒಪ್ಪಂದ ಮಾಡಿಕೊಳ್ಳಬೇಕು. ಅಮೆರಿಕದಲ್ಲಿ 1963ರಲ್ಲಿ ‘ಆಸ್ಕಿ’ ಎಂಬ ಇಂತಹ ಒಪ್ಪಂದವಾಯಿತು. ಅದರಲ್ಲಿ 128 ಸ್ಥಾನಗಳು, ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರಕ್ಕೆ 65. ಕನ್ನಡಕ್ಕೆ ಅಲ್ಲಿ ಜಾಗ ಇರಲಿಲ್ಲ.

ನಮ್ಮ ದೇಶಕ್ಕೆ ಮೊದಲ ಡಿಜಿಟಲ್ ಕಂಪ್ಯೂಟರ್ ಬಂದದ್ದು 1955ರಲ್ಲಿ, ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ. ಅದು ಲೆಕ್ಕ ಮಾಡುವ ಯಂತ್ರವಾಗಿತ್ತು. ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ತರುವ ದೊಡ್ಡ ಪ್ರಯತ್ನ 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ನಡೆಯಿತು. ಅನಂತರ ಪುಣೆಯ ಸಿ-ಡ್ಯಾಕ್ ಅದನ್ನು ಮುಂದುವರಿಸಿತು. ಭಾರತೀಯ ಲಿಪಿಗಳಿಗಾಗಿ ‘ಇಸ್ಕಿ’ ಎಂಬ ಸಂಖ್ಯಾಪಟ್ಟಿ ರೂಪುಗೊಂಡು 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದೇ ವರ್ಷ ಜಗತ್ತಿನ ಎಲ್ಲ ಲಿಪಿಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ‘ಯುನಿಕೋಡ್’ನ ಮೊದಲ ಆವೃತ್ತಿ ಬಂತು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ ಸ್ಥಾನಗಳು ದೊರೆತವು. ನಮ್ಮ ‘ಕ’ದ ಸಂಖ್ಯೆ 3221. ಯಂತ್ರದ ಲಿಪಿಯಲ್ಲಿ ಬರೆದರೆ 110010010101.

ಸಂಖ್ಯೆ ಸಿಕ್ಕಿತು ಸರಿ, ಆದರೆ ಒತ್ತುವುದು ಯಾವ ಕೀಲಿ? ಇಲ್ಲಿ ನೆನೆಯಬೇಕಾದ ಹೆಸರು ಕೆ.ಪಿ. ರಾವ್ ಅವರದು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಇವರು ಮುದ್ರಣ ತಂತ್ರಜ್ಞಾನದಲ್ಲಿ ದುಡಿದವರು. ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲೇ ಇಡೀ ಕನ್ನಡ ಬರೆಯುವ ಸುಲಭ ವಿನ್ಯಾಸ ಮಾಡಿದರು, ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ಕರ್ನಾಟಕ ಸರ್ಕಾರ ಇದೇ ವಿನ್ಯಾಸವನ್ನು ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಇರುವುದೂ ಇದೇ. 1998ರಲ್ಲಿ ಶೇಷಾದ್ರಿವಾಸು ಅವರು ‘ಬರಹ’ವನ್ನು ಹೊರತಂದ ಮೇಲೆ ಮನೆಮನೆಯ ಕಂಪ್ಯೂಟರಿನಲ್ಲೂ ಕನ್ನಡ ಮೂಡತೊಡಗಿತು.

ಈಗ ‘ಕನ್ನಡ’ ಎಂಬ ಪದವನ್ನೇ ಕೆ.ಪಿ. ರಾವ್ ವಿನ್ಯಾಸದಲ್ಲಿ ಟೈಪ್ ಮಾಡೋಣ. ಒತ್ತಬೇಕಾದ ಕೀಲಿಗಳು ಐದು: ಕೆ, ಎನ್, ಎಫ್, ಎನ್, ಡಬ್ಲ್ಯು. ಎಫ್ ಎಂದರೆ ಅರ್ಧಾಕ್ಷರದ ಗುರುತು. ಕೀಲಿಮಣೆ ಒಳಗೆ ಕಳಿಸುವುದು ‘ಇಂಥ ಕೀಲಿ ಒತ್ತಿದರು’ ಎಂಬ ಸುದ್ದಿಯನ್ನು ಮಾತ್ರ. ಇದು ಇನ್‌ಪುಟ್. ಪ್ರೊಸೆಸರ್ ಎಂಬ ಭಾಗ, ತಂತ್ರಾಂಶ ಹೇಳಿದ ಸೂಚನೆಯಂತೆ, ಆ ಕೀಲಿಗಳನ್ನು 3221, 3240, 3277, 3240, 3233 ಎಂಬ ಸಂಖ್ಯೆಗಳಾಗಿ ಬದಲಿಸುತ್ತದೆ. ಅವು ರ‍್ಯಾಮ್ ಎಂಬ ತಾತ್ಕಾಲಿಕ ಸ್ಮರಣೆಯಲ್ಲಿ ಕೂರುತ್ತವೆ. ರ‍್ಯಾಮ್ ಎಂದರೆ ತರಗತಿಯ ಕಪ್ಪು ಹಲಗೆ ಇದ್ದಂತೆ. ಮಳೆಗಾಲದಲ್ಲಿ ಫಕ್ಕನೆ ಕರೆಂಟು ಹೋಯಿತೋ, ಹಲಗೆ ಒರೆಸಿದಂತೆಯೇ. ‘ಸೇವ್’ ಮಾಡಿದರೆ ಹಾರ್ಡ್ ಡಿಸ್ಕಿಗೆ ಹೋಗುತ್ತದೆ, ಅದು ನೋಟ್‌ಬುಕ್. ಇಂದಿನ ರೂಢಿಯ ಕ್ರಮದಲ್ಲಿ ಒಂದೊಂದು ಕನ್ನಡ ಸಂಖ್ಯೆಗೆ 3 ಬೈಟ್, ಒಟ್ಟು 15 ಬೈಟ್. ಕೊನೆಗೆ ಫಾಂಟ್ ಎಂಬ ಚಿತ್ರಕೋಶದಿಂದ ಆ ಸಂಖ್ಯೆಗಳಿಗೆ ತಕ್ಕ ಆಕಾರ ತೆಗೆದು, ‘ನ’ಕ್ಕೆ ಒತ್ತು ಸೇರಿಸಿ ಪರದೆಯ ಮೇಲೆ ಬಿಡಿಸುತ್ತದೆ. ಇದು ಔಟ್‌ಪುಟ್. ಕೀಲಿ ಬೇರೆ, ಸಂಖ್ಯೆ ಬೇರೆ, ಆಕಾರ ಬೇರೆ. ಈ ಮೂರನ್ನು ಬೇರೆ ಬೇರೆಯಾಗಿ ನೋಡುವುದೇ ಕಂಪ್ಯೂಟರ್ ಶಿಕ್ಷಣದ ಮೊದಲ ಪಾಠ ಎಂದು ನನ್ನ ಅನಿಸಿಕೆ.

ಈ ಪಾಠ ಎಷ್ಟು ಮುಖ್ಯವೆಂದು ಇದೇ ಸಂಚಿಕೆಯ ಕೆಲಸದಲ್ಲಿ ಮತ್ತೊಮ್ಮೆ ಗೊತ್ತಾಯಿತು. ನಿವೃತ್ತರಾದ ಗುರುಗಳೊಬ್ಬರು ಬಹಳ ಹಿಂದೆ ವಿದ್ಯಾರ್ಥಿಗಳ ಬರಹಗಳನ್ನೂ, ಶಾಲೆಗಾಗಿ ದುಡಿದ ಊರವರ ಹೆಸರುಗಳನ್ನೂ ಸ್ವಂತ ಖರ್ಚಿನಲ್ಲಿ ಟೈಪ್ ಮಾಡಿಸಿ ಇಟ್ಟಿದ್ದರು. ಅವರು ಕೊಟ್ಟ ಸಿಡಿಯ ಮೊದಲ ಕಡತ ತೆರೆದರೆ ಒಂದಕ್ಷರ ಕನ್ನಡವಿಲ್ಲ. ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡ್ ಹಣದ ಚಿಹ್ನೆ, ಪುಟದ ತುಂಬ ಇದೇ. “ಎಲ್ಲ ಹಾಳಾಗಿ ಹೋಯ್ತನೋ?” ಎಂದು ಗುರುಗಳು ಕೇಳಿದಾಗ ನನಗೂ ಕಸಿವಿಸಿಯಾಯಿತು.

ಕಾರಣ ಇಷ್ಟೇ. ಯುನಿಕೋಡ್ ಬಂದರೂ ಅದನ್ನು ಬಳಸುವ ಸೌಲಭ್ಯ ಕೂಡಲೇ ಬರಲಿಲ್ಲ. ವಿಂಡೋಸಿನಲ್ಲಿ ಕನ್ನಡ ಯುನಿಕೋಡ್ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಪುಟವಿನ್ಯಾಸದ ತಂತ್ರಾಂಶಗಳು ಒಗ್ಗಿಕೊಳ್ಳಲು ಇನ್ನೂ ತಡವಾಯಿತು. ಅಲ್ಲಿಯವರೆಗೆ ಎಲ್ಲರೂ ಒಂದು ಉಪಾಯ ಮಾಡಿದ್ದರು. ಪೌಂಡ್ ಚಿಹ್ನೆಯ ಸಂಖ್ಯೆ 163. ಆ ಜಾಗದಲ್ಲಿ ತಲೆಕಟ್ಟಿಲ್ಲದ ‘ನ’ದ ಚಿತ್ರ, ಗೀಟು ಹೊತ್ತ ಎ ಇದ್ದಲ್ಲಿ ತಲೆಕಟ್ಟಿನ ಚಿತ್ರ ಇಟ್ಟುಬಿಟ್ಟರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡು. ಒಂದೊಂದು ತಂತ್ರಾಂಶದ್ದು ಒಂದೊಂದು ಪಟ್ಟಿ ಬೇರೆ. ಬರೆದದ್ದು ಕನ್ನಡವೆಂದು ಕಂಪ್ಯೂಟರಿಗೆ ಗೊತ್ತೇ ಇರಲಿಲ್ಲ.

ಯಾವ ಫಾಂಟ್ ಎಂದು ಗೊತ್ತಾದ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯುನಿಕೋಡಿಗೆ ತಂದು, ತಪ್ಪಿದ ಒತ್ತಕ್ಷರಗಳನ್ನು ಎರಡು ಭಾನುವಾರ ಕುಳಿತು ಸರಿಮಾಡಿದೆ. ಆದರೆ ಊರವರ ಹೆಸರುಗಳಿದ್ದ ಕಡತವನ್ನು ಸಿಡಿ ಓದಲೇ ಇಲ್ಲ, ನಮ್ಮ ಮಳೆಗಾಲದ ತೇವಕ್ಕೆ ಅದರ ಮೇಲೆ ಬೂಸಲು ಹಿಡಿದಿತ್ತು. ಆ ಹೆಸರುಗಳನ್ನು ಗುರುಗಳು ನೆನಪಿನಿಂದ ಹೇಳುತ್ತ ಹೋದರು, ನಾನು ಟೈಪ್ ಮಾಡಿದೆ. “ಇನ್ನೂ ನಾಕೈದು ಜನ ಇದ್ದಿದ್ರು, ನೆನಪಾಗ್ತಾ ಇಲ್ಲ” ಎಂದು ಅವರು ಸುಮ್ಮನಾದರು. ಆ ನಾಲ್ಕೈದು ಹೆಸರುಗಳು ನಮ್ಮ ಬಳಿ ಇಲ್ಲ.

ವಿದ್ಯಾರ್ಥಿ ಮಿತ್ರರೇ, ನೀವು ಮೊಬೈಲಿನಲ್ಲಿ ಕನ್ನಡ ಒತ್ತುವಾಗ ಅದು ತಾನಾಗಿ ಬಂದದ್ದೆಂದು ತಿಳಿಯಬೇಡಿ. ಯಾರೋ ಪಟ್ಟಿ ಮಾಡಿದರು, ಯಾರೋ ಕೀಲಿ ಜೋಡಿಸಿದರು, ಯಾರೋ ಆಕಾರ ಬಿಡಿಸಿದರು. ನೀವು ಬರೆದದ್ದನ್ನು ಯುನಿಕೋಡಿನಲ್ಲೇ ಬರೆಯಿರಿ, ಎರಡು ಕಡೆ ಉಳಿಸಿಡಿ, ಒಂದು ಪ್ರತಿ ಕಾಗದದ ಮೇಲೂ ಇರಲಿ. ಈ ಲೇಖನವನ್ನು ಹಾಗೆಯೇ ಉಳಿಸಿದ್ದೇನೆ. ಶತಮಾನೋತ್ಸವದ ಸಂಚಿಕೆ ಮಾಡುವವರು ನಿಮ್ಮಲ್ಲೇ ಯಾರೋ ಇರುತ್ತೀರಿ. ಅವರಿಗೆ ಇದು ಪೌಂಡ್ ಚಿಹ್ನೆಯಾಗಿ ಕಾಣದಿರಲಿ.