ಆತಕೂರಿನ ಕಾಳಿ: ನಾಯಿಗೂ ಒಂದು ವೀರಗಲ್ಲು

ನಾವು ಹೊಲಕ್ಕೆ ಹೊರಟರೆ ನಾಯಿ ಹಿಂದೆಯೇ ಬರುತ್ತದೆ. ಕುರಿಮಂದೆ ಮರಡಿ ಹತ್ತಿದರೆ ಅದೂ ಹತ್ತುತ್ತದೆ. ಸತ್ತ ದಿನ ಬದುವಿನ ಪಕ್ಕ ಗುಂಡಿ ತೋಡಿ ಮಣ್ಣು ಮಾಡಿ ಬರುತ್ತೇವೆ. ಒಂದೆರಡು ವರ್ಷಕ್ಕೆ ಅದರ ಹೆಸರೂ ಮರೆತುಹೋಗುತ್ತದೆ. ಆದರೆ ನಮ್ಮ ಮದ್ದೂರು ಸೀಮೆಯ ಒಂದು ನಾಯಿಯ ಹೆಸರು ಸಾವಿರ ವರ್ಷ ದಾಟಿದರೂ ಅಳಿದಿಲ್ಲ. ಅದರ ಹೆಸರು ಕಾಳಿ.

ಶಿಂಷಾ ದಡದ ವೈದ್ಯನಾಥಪುರಕ್ಕೆ ವೈದ್ಯನಾಥೇಶ್ವರನ ದರ್ಶನಕ್ಕೆಂದು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅದೇ ಮದ್ದೂರು ತಾಲ್ಲೂಕಿನಲ್ಲಿರುವ ಆತಕೂರಿನ ಹೆಸರು ಅವರಲ್ಲಿ ಹೆಚ್ಚಿನವರ ಕಿವಿಗೆ ಬಿದ್ದಿರುವುದಿಲ್ಲ. ಇತಿಹಾಸ ಓದಿದವರಿಗೆ ಮಾತ್ರ ಅದು ದೊಡ್ಡ ಹೆಸರು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ನಿಲ್ಲಿಸಿದ್ದ ಶಾಸನವೇ ಅದಕ್ಕೆ ಕಾರಣ. ಶಕ ವರ್ಷ 872, ಅಂದರೆ ಕ್ರಿ.ಶ. 949-50ರ ಕಲ್ಲು ಅದು.

ಆ ಕಾಲಕ್ಕೆ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧ ನಡೆಯಿತು. ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ನಡೆದ ಆ ಕಾಳಗದಲ್ಲಿ ಚೋಳರ ರಾಜಾದಿತ್ಯ ಸತ್ತ. ಅವನನ್ನು ಕೊಂದವನು ನಮ್ಮ ಕಡೆಯ ಗಂಗರ ದೊರೆ ಇಮ್ಮಡಿ ಬೂತುಗ ಎನ್ನುತ್ತದೆ ಶಾಸನ. ಮೆಚ್ಚಿದ ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮುಂತಾದ ನಾಡುಗಳನ್ನು ಕೊಟ್ಟ. ನಾಡಿನ ಹೆಸರಿನ ಜೊತೆ ಹೀಗೆ ಸಂಖ್ಯೆ ಸೇರಿಸಿ ಹೇಳುವುದು ಆಗಿನ ರೂಢಿ.

ಬೂತುಗನ ಜೊತೆ ನಿಂತು ಕಾದಿದವರಲ್ಲಿ ಮಣಲೆರ ಎಂಬ ವೀರನೊಬ್ಬನಿದ್ದ. ಅವನ ಮೇಲೆ ಬೂತುಗನಿಗೆ ಮೆಚ್ಚುಗೆಯಾಯಿತು. ಏನು ಬೇಕೋ ಕೇಳು ಎಂದ. ಮಣಲೆರ ಕೇಳಿದ್ದು ದೊರೆಯ ಬೇಟೆನಾಯಿಯನ್ನು, ಕಾಳಿಯನ್ನು. ಊರುಗಳೂ ಅವನಿಗೆ ಸಿಕ್ಕವು, ಆತಕೂರು 12 ಅವನಿಗೆ ಬಂದದ್ದು ಹೀಗೆಯೇ. ಆದರೆ ಅವನು ಬಾಯಿಬಿಟ್ಟು ಬೇಡಿದ್ದು ನಾಯಿಯನ್ನು ಎಂಬುದನ್ನು ಕಲ್ಲಿನಲ್ಲಿ ಬರೆಸಿದ್ದಾರೆ.

ಮುಂದೆ ಕೆಳಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಕಾಳಿಯನ್ನು ಭಾರಿ ಹಂದಿಯೊಂದರ ಮೇಲೆ ಬಿಟ್ಟರು. ಮೊರಡಿ ಅಂದರೆ ನಾವು ಈಗಲೂ ಮರಡಿ ಅನ್ನುತ್ತೇವಲ್ಲ, ಅದೇ ಕಲ್ಲುಗುಡ್ಡ. ಕಾಳಿ ಹಿಂದೆಗೆಯಲಿಲ್ಲ. ಹಂದಿಯೂ ಬಿಡಲಿಲ್ಲ. ಎರಡೂ ಒಟ್ಟಿಗೆ ಸತ್ತವು.

ತುರು ಕಾಯುವಾಗ, ಊರು ಉಳಿಸುವಾಗ, ಯುದ್ಧದಲ್ಲಿ ಸತ್ತವರಿಗೆ ವೀರಗಲ್ಲು ನಿಲ್ಲಿಸುವುದು ವಾಡಿಕೆ. ಆ ಗೌರವ ಕಾಳಿಗೂ ಸಂದಿತು. ಕಲ್ಲಿನಲ್ಲಿ ನಾಯಿ ಹಂದಿಗಳ ಕಾದಾಟವನ್ನು ಕೆತ್ತಿಸಿ, ಅದರ ಹೆಸರಿನಲ್ಲಿ ಕೆರೆಯ ಕೆಳಗೆ ಎರಡು ಕಂಡುಗ ಭೂಮಿಯನ್ನೂ ಬಿಟ್ಟರು. ಗುಡಿ ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಪಾಪ ತಟ್ಟುತ್ತದೆ ಎಂಬ ಕಟ್ಟಳೆಯನ್ನೂ ಬರೆಸಿದರು.

ತಕ್ಕೋಲದ ಯುದ್ಧದ ಬಗ್ಗೆ ಬರೆಯುವ ಯಾವ ಇತಿಹಾಸಕಾರರೂ ಈ ಕಲ್ಲನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ದೊರೆಗಳ ಗೆಲುವಿಗೆ ಸಾಕ್ಷಿ ಹೇಳುತ್ತಿರುವುದು ಒಂದು ನಾಯಿಯ ಕಲ್ಲು! ಕಾಳಿಗೆ ಕಲ್ಲು ನಿಲ್ಲಿಸದೆ ಹೋಗಿದ್ದರೆ ಮಣಲೆರನ ಹೆಸರು ನಮಗೆ ಎಲ್ಲಿ ಸಿಗುತ್ತಿತ್ತು?

ಈಗ ಕಬ್ಬಿನ ಗದ್ದೆಗೆ ಹಂದಿ ನುಗ್ಗಿದರೂ ನಾಯಿ ಬಿಟ್ಟು ಬೇಟೆಯಾಡುವಂತಿಲ್ಲ. ವನ್ಯಜೀವಿಗಳ ರಕ್ಷಣೆಗೆ 1972ರಲ್ಲಿ ಬಂದ ಕಾಯಿದೆ ಅದನ್ನು ತಡೆಯುತ್ತದೆ. ಆ ಕಾಲದ ಬೇಟೆಯನ್ನು ನಾವು ಮುಂದುವರಿಸಬೇಕಾಗಿಲ್ಲ. ಮುಂದುವರಿಸಬೇಕಾದದ್ದು ಆ ಕಾಲದ ನೆನಪಿನ ಗುಣವನ್ನು. ಜೊತೆಗೆ ನಡೆದ ಜೀವ ಯಾವುದಾದರೇನು, ಅದರ ಹೆಸರು ಉಳಿಯಬೇಕು ಎಂದು ಅವರಿಗೆ ಅನ್ನಿಸಿತಲ್ಲ, ಅದು ದೊಡ್ಡದು.

ಕಾಳಿಯ ಕಲ್ಲು ಈಗ ಆತಕೂರಿನಲ್ಲಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆ ಕಡೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ, ಇದು ನಮ್ಮ ಸೀಮೆಯ ನಾಯಿ ಎಂದು ತೋರಿಸಿ.

ಅದಕ್ಕೂ ಮೊದಲು ನಿಮ್ಮೂರಿನ ಕೆರೆ ಏರಿ, ಹಾಳುಗುಡಿ, ಹೊಲದ ಬದುಗಳನ್ನು ಒಮ್ಮೆ ನೋಡಿ. ಬಟ್ಟೆ ಒಗೆಯುವ ಕಲ್ಲು, ಮೋರಿಗೆ ಹಾಸಿದ ಚಪ್ಪಡಿಯ ಮೇಲೂ ಅಕ್ಷರ ಇರಬಹುದು. ಕಂಡರೆ ಒಡೆಯಬೇಡಿ, ಬಣ್ಣ ಬಳಿಯಬೇಡಿ. ಫೋನಿನಲ್ಲಿ ಫೋಟೋ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಯಾರ ಹೆಸರು ಅದರಲ್ಲಿ ಕಾಯುತ್ತಾ ಕೂತಿದೆಯೋ!